ಡಕ್ಟ್‌ನಲ್ಲಿ ಬೂಷ್ಟು ಹುಡುಕಿದೆ, ಸಿಕ್ಕಿದ್ದು ನಿಂತ ನೀರು

ಬೆಳಿಗ್ಗೆ ಏಸಿ ಹಾಕಿದ ಮೊದಲ ಐದು ನಿಮಿಷ ಮನೆಯೆಲ್ಲಾ ಮುಗ್ಗಲು ವಾಸನೆ. ಒದ್ದೆ ಬಟ್ಟೆಯನ್ನು ಎರಡು ದಿನ ಬಕೆಟ್‌ನಲ್ಲೇ ಬಿಟ್ಟರೆ ಬರುತ್ತಲ್ಲ, ಥೇಟ್ ಅದೇ. ಆಮೇಲೆ ತಾನಾಗಿ ಹೋಗುತ್ತಿತ್ತು, ಹಾಗಾಗಿ ನಾನೂ ಸುಮ್ನೆ ಇದ್ದುಬಿಟ್ಟೆ. ಆದರೆ ಅಮ್ಮನಿಗೆ ಮೊದಲೇ ಆಸ್ತಮಾ. ಅವರಿಗೆ ರಾತ್ರಿ ಕೆಮ್ಮು ಜಾಸ್ತಿಯಾಯಿತು. ಅದೇ ವಾರ ಅವರ ಕೋಣೆಗೆ ಏಸಿ ಗಾಳಿ ಬರುವ ಗ್ರಿಲ್ ಸುತ್ತ ಕಪ್ಪು ಚುಕ್ಕೆಗಳು ಕಂಡವು. ನನಗೆ ನಿಜವಾಗಿ ಭಯವಾಯಿತು.

ಏಸಿಯ ಗಾಳಿಯನ್ನು ಕೋಣೆ ಕೋಣೆಗೆ ಒಯ್ಯುವ ತಗಡಿನ ಕೊಳವೆಗೆ ಡಕ್ಟ್ ಅನ್ನುತ್ತಾರೆ. ಅದನ್ನು ಕ್ಲೀನ್ ಮಾಡುವವರನ್ನು ಕರೆಸಿದೆ. ಬಂದವರು ಒಂದು ಕ್ಷಣ ಟಾರ್ಚ್ ಬಿಟ್ಟು ನೋಡಿ, “ಒಳಗೆಲ್ಲಾ ಬೂಷ್ಟು ಹಿಡಿದಿದೆ ಸರ್. ಬ್ರಷ್ ಹೊಡೆದು ಔಷಧಿ ಸಿಂಪಡಿಸಿಬಿಡ್ತೀವಿ” ಅಂದರು. “ಅಷ್ಟು ಬೂಷ್ಟಿಗೆ ನೀರು ಎಲ್ಲಿಂದ ಬರ್ತಿದೆ?” ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಯೋಚಿಸಿ ಹೇಳ್ತೀನಿ ಎಂದು ಕಳಿಸಿದೆ.

ಮೊದಲು ಏಸಿ ಪೂರ್ತಿ ನಿಲ್ಲಿಸಿದೆ. ಬೂಷ್ಟಿನ ಅನುಮಾನ ಇದ್ದಾಗ ಫ್ಯಾನ್ ಓಡಿಸಿದರೆ ಅದರ ಬೀಜಕಣಗಳು ಮನೆ ತುಂಬಾ ಹರಡುತ್ತವೆ. ಎನ್95 ಮಾಸ್ಕ್, ಗ್ಲೌಸ್, ಕಣ್ಣಿಗೆ ಗಾಗಲ್ ಹಾಕಿಕೊಂಡು ಗ್ರಿಲ್ ಬಿಚ್ಚಿದೆ. ನೀರು ಬೆರೆಸಿದ ಬ್ಲೀಚನ್ನು ಹತ್ತಿಯಲ್ಲಿ ಅದ್ದಿ ಗ್ರಿಲ್ ಮೇಲಿನ ಒಂದು ಚುಕ್ಕೆಗೆ ಮುಟ್ಟಿಸಿದೆ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾಯಿತು. ಅಂದರೆ ಬಹುಶಃ ಬೂಷ್ಟೇ. ಡಕ್ಟ್ ಬಾಯಿಯ ಕಪ್ಪು ಮಾತ್ರ ಹಾಗೇ ಉಳಿಯಿತು, ಅದು ಬರೀ ಕೊಳೆ. ಫೋನ್ ಕ್ಯಾಮೆರಾ ಒಳಗೆ ಬಿಟ್ಟು ನೋಡಿದರೆ ತಗಡಿನ ಮೇಲೆ ಒಣ ಧೂಳು, ಅಷ್ಟೇ. ಬೂಷ್ಟಿಗೆ ತಗಡು ಆಹಾರವಲ್ಲ. ಅದರ ಮೇಲೆ ಕೂತ ಧೂಳು ಆಹಾರ, ಅದೂ ತೇವ ಇದ್ದರೆ ಮಾತ್ರ. ಲ್ಯಾಬ್ ಪರೀಕ್ಷೆ ನಾನು ಮಾಡಿಸಲಿಲ್ಲ. ಯಾವ ಜಾತಿಯ ಬೂಷ್ಟಾದರೂ ಮಾಡಬೇಕಾದ ಕೆಲಸ ಒಂದೇ ಅಲ್ವಾ?

ಹಾಗಾದರೆ ಆ ವಾಸನೆ ಎಲ್ಲಿಂದ? ಇಡೀ ಏಸಿಯಲ್ಲಿ ದಿನವೂ ಒದ್ದೆಯಾಗುವ ಜಾಗ ಕಾಯಿಲ್, ಅಂದರೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆಗಳ ಸುರುಳಿ. ಬೆಚ್ಚಗಿನ ಗಾಳಿ ತಣ್ಣನೆಯ ಕಾಯಿಲ್ ದಾಟುವಾಗ ಅದರಲ್ಲಿರುವ ತೇವ ಹನಿಯಾಗಿ ಕೆಳಗಿನ ಟ್ರೇಗೆ ಬಿದ್ದು, ಡ್ರೈನ್ ಪೈಪಿನಲ್ಲಿ ಹೊರಗೆ ಹೋಗಬೇಕು. ಮೇನ್ ಸ್ವಿಚ್ ಆರಿಸಿ, ಕಾಯಿಲ್ ಇರುವ ಏಸಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಟ್ರೇನಲ್ಲಿ ಒಂದು ಬೆರಳು ನೀರು ನಿಂತಿತ್ತು. ಪೈಪ್ ಬಾಯಿಗೆ ಲೋಳೆ ಕಟ್ಟಿತ್ತು. ಟ್ರೇ ಪೈಪಿನ ಕಡೆಗೆ ಇಳಿಜಾರಾಗುವ ಬದಲು ಎದುರು ದಿಕ್ಕಿಗೆ ವಾಲಿತ್ತು! ಪಕ್ಕದಲ್ಲೇ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿದ್ದ ಫೈಬರ್‌ಗ್ಲಾಸ್ ಪದರ ಅಂಗೈ ಅಗಲ ನೆನೆದು ಕಪ್ಪಾಗಿತ್ತು. ಮೂಗು ಹತ್ತಿರ ತಂದರೆ ಅದೇ ವಾಸನೆ.

ಈ ಪದರವನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ನೆನೆದು ಬೂಷ್ಟು ಹಿಡಿದ ಫೈಬರ್‌ಗ್ಲಾಸನ್ನು ಸರಿಯಾಗಿ ತೊಳೆಯಲು ಆಗುವುದಿಲ್ಲ, ಕಿತ್ತು ಹೊಸದು ಹಾಕಬೇಕು. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವುದೂ ಇದನ್ನೇ. ಅವತ್ತು ಔಷಧಿ ಸಿಂಪಡಿಸಿದ್ದರೆ ವಾಸನೆ ಕೆಲವು ವಾರ ಅಡಗಿರುತ್ತಿತ್ತು, ಅಮ್ಮ ಆ ಔಷಧಿಯನ್ನೂ ಉಸಿರಾಡಬೇಕಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಯಿಲ್ ಮಾತ್ರ ನಾನು ಮುಟ್ಟಲಿಲ್ಲ. ಅದರ ಮೇಲಿನ ತೆಳು ತಗಡಿನ ರೆಕ್ಕೆಗಳು ತುಂಬಾ ಮೆದು, ಬಾಗಿದರೆ ಗಾಳಿ ಸರಿಯಾಗಿ ಓಡುವುದಿಲ್ಲ. ಏಸಿ ಮೆಕ್ಯಾನಿಕ್ ಬಂದು ಕಾಯಿಲ್ ತೊಳೆದು, ಟ್ರೇ ಇಳಿಜಾರು ಸರಿಮಾಡಿ, ಹಾಳಾದ ಪದರ ಕಿತ್ತು ನೀರು ಹೀರದ ಫೋಮ್ ಹಾಕಿದರು. ಗ್ರಿಲ್‌ಗಳನ್ನು ನಾನೇ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದೆ. ಅಮ್ಮನ ಕೋಣೆಯ ಗ್ರಿಲ್ ಹಿಂದೆ ಒಂದು ಸಂದು ಇತ್ತು. ಛಾವಣಿಯ ಬಿಸಿ, ತೇವದ ಗಾಳಿ ಅಲ್ಲಿಂದ ನುಗ್ಗಿ ತಣ್ಣನೆಯ ಲೋಹಕ್ಕೆ ತಾಗಿ ಬೆವರುತ್ತಿತ್ತು. ಅದನ್ನು ಫಾಯಿಲ್ ಟೇಪಿನಿಂದ ಮುಚ್ಚಿದೆ.

ಇನ್ನೊಂದು ತಪ್ಪು ನನ್ನದೇ. ಗಾಳಿ ಆಡುತ್ತಿರಲಿ ಎಂದು ಥರ್ಮೋಸ್ಟಾಟ್‌ನಲ್ಲಿ (ಏಸಿಯ ತಂಪನ್ನು ಹೊಂದಿಸುವ ಸಾಧನ) ಫ್ಯಾನನ್ನು ಸದಾ ಆನ್ ಇಟ್ಟಿದ್ದೆ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡಿ, ಕಾಯಿಲ್ ಮೇಲಿನ ನೀರನ್ನು ಮತ್ತೆ ಮನೆಯೊಳಗೇ ತಳ್ಳುತ್ತಿತ್ತು. ತೇವ ಅಳೆಯುವ ಸಣ್ಣ ಮೀಟರ್ ಇಟ್ಟಾಗ ರಾತ್ರಿ ಶೇ. 68 ತೋರಿಸಿತು. 60ರ ಕೆಳಗಿರಬೇಕು, 30ರಿಂದ 50 ಇದ್ದರೆ ಇನ್ನೂ ಒಳ್ಳೆಯದು. ಫ್ಯಾನನ್ನು ಆಟೋಗೆ, ಅಂದರೆ ತಂಪು ಮಾಡುವಾಗ ಮಾತ್ರ ಓಡುವಂತೆ, ಹಾಕಿದ ಮೇಲೆ 54ರ ಆಸುಪಾಸಿಗೆ ಇಳಿಯಿತು.

ವಾಸನೆ ಹೋಗಿದೆ. ಅಮ್ಮನ ಕೆಮ್ಮೂ ಇಳಿದಿದೆ. ಆದರೆ ಅದೇ ಹೊತ್ತಿಗೆ ಡಾಕ್ಟರ್ ಇನ್‌ಹೇಲರ್ ಬದಲಿಸಿದ್ದರು, ಹಾಗಾಗಿ ಯಾವುದರಿಂದ ಎಷ್ಟು ಗುಣವಾಯಿತು ಎಂದು ನಾನು ಹೇಳಲಾರೆ. ತಿಂಗಳಿಗೊಮ್ಮೆ ಏಸಿ ಆರಿಸಿ ಟ್ರೇಗೆ ಒಂದು ಲೋಟ ನೀರು ಹಾಕುತ್ತೇನೆ. ಹೊರಗೆ ಪೈಪಿನ ತುದಿಯಲ್ಲಿ ಅದು ಸುರಿಯುವ ಸದ್ದು ಕೇಳಿದ ಮೇಲೆಯೇ ಮುಚ್ಚಳ ಹಾಕುವುದು.