ಮೊದಲು ಟೈರ್, ಆಮೇಲೆ ಅಲಾಯ್: ನನ್ನ ಟ್ರ್ಯಾಕ್ ಪೋಲೊ ಅನುಭವ

ಚಕ್ರ ಬದಲಾಯಿಸಬೇಕು ಅಂದ ಕೂಡಲೇ ಎಲ್ಲರೂ ಮೊದಲು ನೋಡುವುದು ಅಲಾಯ್ (ಮಿಶ್ರಲೋಹದ ರಿಮ್) ಡಿಸೈನ್. ಅದು ಮನಸ್ಸಿಗೆ ಹಿಡಿಸಿದ ಮೇಲೆ ಅದಕ್ಕೆ ಕೂರುವ ಟೈರ್ ಹುಡುಕುತ್ತಾರೆ. ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಕಾರ್ ಸಿದ್ಧ ಮಾಡುವಾಗ ನಾನು ಉಲ್ಟಾ ಹೋದೆ. ಟೈರ್ ಯಾವುದು ಅಂತ ಗಟ್ಟಿ ಮಾಡಿಕೊಂಡು, ಆಮೇಲೆ ಅದಕ್ಕೆ ತಕ್ಕ ರಿಮ್ ಹುಡುಕಿದೆ. ನೆಲಕ್ಕೆ ತಾಗುವುದು ಟೈರ್ ಒಂದೇ ತಾನೇ?

ನನ್ನದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ತೂಕ ಸುಮಾರು 1,100 ಕೆಜಿ, ಎಳೆಯುವುದು ಮುಂದಿನ ಚಕ್ರ. ಬೆಂಗಳೂರಿನಿಂದ ನಾನು ಹೋಗುವುದು ಎರಡು ಕಡೆ. ಒಂದು ಶ್ರೀಪೆರಂಬದೂರು ಹತ್ತಿರ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಸರ್ಕ್ಯೂಟ್, ಉದ್ದ 3.7 ಕಿಮೀ. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, 2.1 ಕಿಮೀ. ಕರಿ ಚಿಕ್ಕದು, ಅಲ್ಲಿ ತಿರುವುಗಳದ್ದೇ ದರ್ಬಾರು. ಮದ್ರಾಸ್‌ನಲ್ಲಿ ವೇಗ ಜಾಸ್ತಿ, ಮೊದಲ ತಿರುವಿನಲ್ಲೇ ಕಾರಿನ ಧೈರ್ಯ, ನಮ್ಮ ಧೈರ್ಯ ಎರಡೂ ಗೊತ್ತಾಗುತ್ತದೆ. ಎರಡೂ ಕಡೆ ಒಂದೇ ಸೆಟ್ ನಡೆಯಬೇಕಿತ್ತು.

ಕಂಪನಿ ಕೊಟ್ಟ ಟೈರ್ 185/60 ಆರ್15. ಅಂದರೆ ಅಗಲ 185 ಮಿಮೀ, ಪಕ್ಕದ ಗೋಡೆಯ ಎತ್ತರ ಅದರ ಶೇ 60, ರಿಮ್ 15 ಇಂಚು. ಗೆಳೆಯರು 17 ಇಂಚು ಹಾಕಿಸು, ಗತ್ತಾಗಿ ಕಾಣುತ್ತದೆ ಅಂದರು. ಕಾಣುತ್ತದೆ, ಇಲ್ಲ ಅನ್ನಲ್ಲ. ಆದರೆ ದೊಡ್ಡ ರಿಮ್ ಅಂದರೆ ತೂಕ ಹೊರ ಅಂಚಿಗೆ ಹೋಗುತ್ತದೆ. ಅದನ್ನು ತಿರುಗಿಸಲೂ ಶಕ್ತಿ ಬೇಕು, ನಿಲ್ಲಿಸಲೂ ಬ್ರೇಕ್ ಬೇಕು. ಟೈರ್ ಬೆಲೆಯೂ ಏರುತ್ತದೆ. ಟ್ರ್ಯಾಕ್‌ನಲ್ಲಿ ಟೈರ್ ಅಂದರೆ ಪೆಟ್ರೋಲ್ ಇದ್ದಂತೆ, ಸುಡುವುದಕ್ಕೇ ಇರುವುದು. ನನ್ನ ಬ್ರೇಕ್ ಕ್ಯಾಲಿಪರ್ (ಡಿಸ್ಕ್ ಹಿಡಿಯುವ ಭಾಗ) 15 ಇಂಚಿನೊಳಗೆ ಆರಾಮಾಗಿ ಕೂರುತ್ತಿತ್ತು. ಹಾಗಾಗಿ 15ರಲ್ಲೇ ಉಳಿದೆ.

ಸೈಜ್‌ಗೆ ಎರಡು ಆಯ್ಕೆ ಇತ್ತು: 195/55 ಅಥವಾ 205/50. ಲೆಕ್ಕ ಸುಲಭ. 185ರ ಶೇ 60 ಅಂದರೆ ಪಕ್ಕದ ಗೋಡೆ 111 ಮಿಮೀ. ಎರಡು ಕಡೆ ಸೇರಿಸಿ, 15 ಇಂಚಿನ 381 ಮಿಮೀ ಕೂಡಿದರೆ ಒಟ್ಟು ವ್ಯಾಸ 603 ಮಿಮೀ. 195/55 ಹಾಕಿದರೆ 595.5. ಅಂದರೆ ಶೇ 1ಕ್ಕಿಂತ ಸ್ವಲ್ಪ ಹೆಚ್ಚು ಚಿಕ್ಕದಾಗುತ್ತದೆ. 205/50ಕ್ಕೆ 586, ಅಂದರೆ ಹತ್ತಿರ ಹತ್ತಿರ ಶೇ 3 ಚಿಕ್ಕದು. ಚಿಕ್ಕ ಚಕ್ರಕ್ಕೆ ಪಿಕಪ್ ಚುರುಕಾಗುತ್ತದೆ. ಆದರೆ ಕಾರು ಕೆಳಗೆ ಕೂರುತ್ತದೆ, ಸ್ಪೀಡೋಮೀಟರ್ ಇನ್ನಷ್ಟು ಸುಳ್ಳು ಹೇಳುತ್ತದೆ. ಅಗಲದ ಟೈರ್ ಫೆಂಡರ್‌ಗೆ (ಚಕ್ರದ ಮೇಲಿನ ಬಾಡಿ ಅಂಚಿಗೆ) ಉಜ್ಜುವ ಭಯ ಬೇರೆ. ನಾನು 195/55 ಆರಿಸಿದೆ.

ಇನ್ನು ರಬ್ಬರ್ ಎಷ್ಟು ಮೃದು ಇರಬೇಕು? ಟೈರ್ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ನಂಬರ್ ಅಚ್ಚಾಗಿರುತ್ತದೆ. ನಂಬರ್ ಇಳಿದಷ್ಟೂ ರಬ್ಬರ್ ಮೃದು ಅಂತ ಲೆಕ್ಕ. ರಸ್ತೆ ಟೈರ್‌ಗಳಲ್ಲಿ 300, 400ರ ಆಸುಪಾಸು ಸಾಮಾನ್ಯ. ಟ್ರ್ಯಾಕ್ ಡೇಗೆ ಜನ ಹುಡುಕುವುದು 200 ಮತ್ತು ಅದರ ಕೆಳಗಿನದು. ಈ ನಂಬರ್ ಕೊಡುವುದು ಆಯಾ ಕಂಪನಿಯೇ. ಒಂದು ಬ್ರ್ಯಾಂಡಿನ 200ನ್ನು ಇನ್ನೊಂದರ 200ರ ಜೊತೆ ಹೋಲಿಸಿ ವಾದ ಮಾಡುವುದು ಸುಮ್ನೆ ಟೈಮ್ ವೇಸ್ಟ್. ನಾನು ತೆಗೆದುಕೊಂಡಿದ್ದು ಯೊಕೊಹಾಮಾ ಎಡಿ08ಆರ್. ಅದರ ಮೇಲೆ 180 ಅಂತಿದೆ. ಇದಕ್ಕಿಂತ ಮೃದುವಾದ ಸೆಮಿ ಸ್ಲಿಕ್ (ಗೀರು ತೀರಾ ಕಡಿಮೆ ಇರುವ ಟ್ರ್ಯಾಕ್ ಟೈರ್) ಬೇಡ ಅಂದುಕೊಂಡಿದ್ದಕ್ಕೆ ಕಾರಣ ಚೆನ್ನೈ ಮಳೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಮಳೆ ಯಾವಾಗ ಹೊಡೆಯುತ್ತದೋ ಹೇಳಲಾಗದು. ಗೀರು ಕಡಿಮೆ ಇರುವ ಟೈರ್ ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಕೈಯಲ್ಲಿದ್ದೂ ಇಲ್ಲದಂತೆ.

ಇಂಥ ಟೈರ್ ನಮ್ಮಲ್ಲಿ ಸಿಗುವುದೇ ಕಷ್ಟ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಹಾಕಿತು. ಆಮೇಲಂತೂ ಕೆಲವು ಸೈಜ್‌ಗಳಿಗೆ ಯಾರದೋ ಗೋಡೌನ್‌ನಲ್ಲಿ ಉಳಿದ ಸ್ಟಾಕೇ ಗತಿ. ಅದಕ್ಕೇ ತಾರೀಖು ನೋಡದೆ ದುಡ್ಡು ಕೊಡಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಕೋಡ್ ಇರುತ್ತದೆ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಟ್ರೆಡ್ ಎಷ್ಟೇ ಹೊಸದಾಗಿ ಕಂಡರೂ ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ. ಉಗುರು ಒತ್ತಿ ನೋಡಿ, ಸ್ವಲ್ಪವಾದರೂ ಇಳಿಯಬೇಕು.

ಈಗ ರಿಮ್. ಪೋಲೊಗೆ ಪಿಸಿಡಿ 5x100, ಅಂದರೆ 100 ಮಿಮೀ ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್. ಮಧ್ಯದ ತೂತು 57.1 ಮಿಮೀ. ಹಳೆಯ ರಿಮ್ ಹಿಂದೆ 6ಜೆ, ಇಟಿ 40 ಅಂತ ಇತ್ತು. 6ಜೆ ಅಂದರೆ 6 ಇಂಚು ಅಗಲ. ಇಟಿ ಅಂದರೆ ಆಫ್‌ಸೆಟ್, ಹಬ್‌ಗೆ ಕೂರುವ ಮುಖ ರಿಮ್‌ನ ನಡುಗೆರೆಯಿಂದ ಎಷ್ಟು ಮಿಮೀ ಹೊರಗಿದೆ ಅನ್ನುವುದು. ನನಗೆ ಬೇಕಾಗಿದ್ದು 7 ಇಂಚು ಅಗಲ. ಅದರ ಮೇಲೆ 195 ಟೈರ್‌ನ ಗೋಡೆ ನೆಟ್ಟಗೆ ನಿಲ್ಲುತ್ತದೆ, ತಿರುವಿನಲ್ಲಿ ಅತ್ತಿತ್ತ ಬಾಗುವುದು ಕಡಿಮೆ. ಇಟಿ 38ರದ್ದು ಸಿಕ್ಕಿತು. ಒಂದು ಇಂಚು ಅಗಲ ಜಾಸ್ತಿ ಅಂದರೆ ಎರಡೂ ಕಡೆ 12.7 ಮಿಮೀ. ಆಫ್‌ಸೆಟ್ 2 ಮಿಮೀ ಕಡಿಮೆ ಆಗಿದ್ದರಿಂದ ಹೊರಗೆ 14.7, ಒಳಗೆ 10.7 ಮಿಮೀ ಬೆಳೆದಂತಾಯಿತು. ಒಳಗೆ ಸಸ್ಪೆನ್ಷನ್ ಸ್ಟ್ರಟ್‌ಗೆ (ಶಾಕ್ ಅಬ್ಸಾರ್ಬರ್ ಇರುವ ಕಂಬಕ್ಕೆ) ಎಷ್ಟು ಜಾಗ ಇದೆ ಅಂತ ಮೊದಲೇ ಬೆರಳು ತೂರಿಸಿ, ಸ್ಕೇಲ್ ಇಟ್ಟು ನೋಡಿಕೊಂಡಿದ್ದೆ. ಆಫ್‌ಸೆಟ್ ಇನ್ನೂ ಇಳಿಸಿದರೆ ಚಕ್ರ ಹೊರಗೆ ಬಂದು ಚೆಂದ ಕಾಣುತ್ತದೆ. ಆದರೆ ಬೇರಿಂಗ್ ಮೇಲೆ ಭಾರ ಬೀಳುತ್ತದೆ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಟಿಯರಿಂಗ್ ಕೈಯಲ್ಲಿ ಎಳೆದಾಡುತ್ತದೆ.

ಫೋರ್ಜ್ಡ್ (ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ಮಾಡಿದ) ರಿಮ್ ಬೆಲೆ ಕೇಳಿ ಸುಮ್ಮನೆ ವಾಪಸ್ ಬಂದೆ. ಫ್ಲೋ ಫಾರ್ಮ್ಡ್ ತೆಗೆದುಕೊಂಡೆ. ಇದರಲ್ಲಿ ಎರಕದ ರಿಮ್‌ನ ಅಂಚನ್ನು ಬಿಸಿ ಮಾಡಿ, ತಿರುಗಿಸುತ್ತಾ, ರೋಲರ್‌ನಿಂದ ಒತ್ತಿ ಎಳೆಯುತ್ತಾರೆ. ಹೊರ ಭಾಗ ತೆಳ್ಳಗೂ ಗಟ್ಟಿಯಾಗೂ ಆಗುತ್ತದೆ. ಸಾಮಾನು ತೂಗುವ ನೇತಾಡುವ ತಕ್ಕಡಿಯಲ್ಲಿ ತೂಗಿದೆ. ಬರೀ ರಿಮ್ ಹಳೆಯದಕ್ಕಿಂತ ಹಗುರವಾಗಿತ್ತು. ಆದರೆ ಹೊಸ ಟೈರ್ ಹಳೆಯದಕ್ಕಿಂತ ಭಾರ! ಅದರ ಗೋಡೆ ಅಷ್ಟು ಗಟ್ಟಿ. ಎರಡೂ ಸೇರಿ ಉಳಿದಿದ್ದು ಒಂದು ಕೆಜಿಯೂ ಇಲ್ಲ. ಹಗುರ ರಿಮ್ ಮಾರುವವರು ಇದನ್ನು ಹೇಳುವುದಿಲ್ಲ ಅಲ್ವಾ. ಪರವಾಗಿಲ್ಲ, ಹಳೆಯ ರಿಮ್ ಆಗಿದ್ದರೆ ಒಟ್ಟು ತೂಕ ಏರುತ್ತಿತ್ತು.

ನಕಲಿ ಡಿಸೈನ್‌ಗಳ ಬಗ್ಗೆ ಒಂದು ಮಾತು. ಜೆಡಬ್ಲ್ಯೂಎಲ್, ವಿಐಎ ಅಂತ ಜಪಾನಿನ ಗುಣಮಟ್ಟದ ಗುರುತು ಅಚ್ಚಿದ್ದ ಮಾತ್ರಕ್ಕೆ ಪರೀಕ್ಷೆ ಆಗಿದೆ ಅಂತಲ್ಲ. ಅಚ್ಚು ಯಾರು ಬೇಕಾದರೂ ಹಾಕಬಹುದು. ಕರ್ಬ್ (ಟ್ರ್ಯಾಕ್ ಅಂಚಿನ ಉಬ್ಬು) ಮೇಲೆ ಹಾರಿಸುವ ಕಾರಿಗೆ ಮೂಲ ಗೊತ್ತಿಲ್ಲದ ರಿಮ್ ನಾನಂತೂ ಹಾಕಲ್ಲ.

ಬೋಲ್ಟ್ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಪೋಲೊದ ಕಂಪನಿ ಬೋಲ್ಟ್‌ನ ತಲೆಯ ಕೆಳಭಾಗ ಗುಂಡಗಿರುತ್ತದೆ. ಹೊರಗಿನ ಅಲಾಯ್‌ಗಳಲ್ಲಿ ಬಹುಪಾಲು ಬೋಲ್ಟ್ ಕೂರುವ ಜಾಗ ಕೋನ್ ಆಕಾರ. ಫಿಟ್ಟಿಂಗ್ ಮಾಡುವಾಗ ಅಂಗಡಿಯವರು ಹಳೆಯ ಬೋಲ್ಟೇ ಸಾಕು ಸರ್, ಟೈಟ್ ಆಗುತ್ತದೆ ಅಂದರು. ಟೈಟ್ ಆಗುತ್ತದೆ ನಿಜ. ನಾನು ಒಂದು ಬೋಲ್ಟ್ ತಲೆಯ ಕೆಳಗೆ ನೀಲಿ ಮಾರ್ಕರ್ ಬಳಿದು, ಬಿಗಿದು, ಬಿಚ್ಚಿ ತೋರಿಸಿದೆ. ಬಣ್ಣ ಅಳಿಸಿದ್ದು ಒಂದು ದಾರದಷ್ಟು ತೆಳ್ಳಗಿನ ಉಂಗುರದಲ್ಲಿ ಮಾತ್ರ. ಅಂದರೆ ಇಡೀ ಚಕ್ರ ನಿಂತಿರುವುದು ಅಷ್ಟೇ ಅಗಲದ ಹಿಡಿತದಲ್ಲಿ. ಕೋನ್ ಬೋಲ್ಟ್‌ಗೆ ಹಾಗೇ ಮಾಡಿದಾಗ ಬಣ್ಣ ಅಗಲವಾಗಿ, ಸಮವಾಗಿ ಅಳಿಸಿತ್ತು. ಎಂ14x1.5 ಥ್ರೆಡ್‌ನ ಹೊಸ ಸೆಟ್ ಕೊಂಡೆ. ಬಿಗಿತ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ನಲ್ಲೇ.

ರಿಮ್‌ನ ಮಧ್ಯದ ತೂತು 57.1ಕ್ಕಿಂತ ದೊಡ್ಡದಿತ್ತು, ಆದ್ದರಿಂದ ಆ ಸಂದು ತುಂಬುವ ಹಬ್ ರಿಂಗ್ ಬೇಕಾಯಿತು. ಪ್ಲಾಸ್ಟಿಕ್‌ನದು ಅಗ್ಗ, ಆದರೆ ಟ್ರ್ಯಾಕ್ ಬ್ರೇಕ್ ಶಾಖಕ್ಕೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಹಾಕಿಸಿ.

ಈ ಸೆಟ್‌ನಲ್ಲಿ ನಾನು ರಸ್ತೆಯಲ್ಲಿ ಓಡಿಸುವುದಿಲ್ಲ. ಹಿಂದಿನ ಸೀಟ್ ಮಡಚಿದರೆ ನಾಲ್ಕೂ ಚಕ್ರ ಪೋಲೊ ಒಳಗೇ ಹಿಡಿಯುತ್ತವೆ. ಹಳೆಯ ಚಕ್ರದಲ್ಲಿ ಹೋಗಿ, ಪಿಟ್‌ನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗದಲ್ಲಿ) ಬದಲಾಯಿಸಿಕೊಳ್ಳುತ್ತೇನೆ.

ಗಾಳಿ ಎಷ್ಟು ಅನ್ನುವುದು ಅಲ್ಲೇ ಗೊತ್ತಾಗಬೇಕು. ತಣ್ಣಗಿದ್ದಾಗ ಮುಂದೆ 27 ಪಿಎಸ್‌ಐ ಇಟ್ಟು ಹೊರಡುತ್ತೇನೆ. ಟೈರ್ ಕಾದಂತೆ ಒತ್ತಡ ಏರುತ್ತದೆ, ಪ್ರತಿ 5-6 ಡಿಗ್ರಿಗೆ ಹತ್ತಿರ ಹತ್ತಿರ 1 ಪಿಎಸ್‌ಐ. ಪಿಟ್‌ಗೆ ಬಂದ ತಕ್ಷಣ ನೋಡಿ 34ಕ್ಕೆ ಇಳಿಸುತ್ತೇನೆ. ಜೊತೆಗೆ ಬಿಳಿ ಶೂ ಪಾಲಿಶ್ ಇಟ್ಟುಕೊಂಡಿರುತ್ತೇನೆ. ಹೊರಡುವ ಮೊದಲು ಟ್ರೆಡ್‌ನಿಂದ ಪಕ್ಕದ ಗೋಡೆವರೆಗೆ ಅಡ್ಡ ಗೆರೆ ಎಳೆದರೆ, ವಾಪಸ್ ಬಂದಾಗ ಅದು ಎಲ್ಲಿವರೆಗೆ ಉಜ್ಜಿಹೋಗಿದೆ ಅಂತ ಕಾಣುತ್ತದೆ. ಭುಜದ ಮೇಲಿನ ಸಣ್ಣ ತ್ರಿಕೋನ ಗುರುತಿನವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿದ್ದರೆ ಟೈರ್ ಗೋಡೆಯ ಮೇಲೆ ಮಲಗುತ್ತಿದೆ, ಗಾಳಿ ಕಡಿಮೆ. ಗುರುತು ಮುಟ್ಟದಿದ್ದರೆ ಗಾಳಿ ಜಾಸ್ತಿ.

ಮದ್ರಾಸ್ ಟ್ರ್ಯಾಕ್ ಗಡಿಯಾರದ ದಿಕ್ಕಿನಲ್ಲಿ ಸುತ್ತುವುದು. ಬಲ ತಿರುವು ಜಾಸ್ತಿ, ಹಾಗಾಗಿ ಪೆಟ್ಟು ತಿನ್ನುವುದು ಎಡ ಮುಂದಿನ ಟೈರ್. ಅದರ ಹೊರ ಅಂಚು ಒಳ ಅಂಚಿಗಿಂತ ಬಹಳ ಬಿಸಿ ಇತ್ತು, ರಬ್ಬರ್ ಸಣ್ಣ ಉಂಡೆಗಳಾಗಿ ಕಿತ್ತು ಬರುತ್ತಿತ್ತು. ಇದು ಟೈರ್ ತಪ್ಪಲ್ಲ, ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕೋನ) ಸಾಲದು. ಪೋಲೊ ಸ್ಟ್ರಟ್‌ನಲ್ಲಿ ಅದನ್ನು ಸುಲಭವಾಗಿ ಹೊಂದಿಸಲು ಆಗುವುದಿಲ್ಲ. ಮೇಲ್ಗಡೆ ಕ್ಯಾಂಬರ್ ಪ್ಲೇಟ್ ಹಾಕಿಸಿ ಮೈನಸ್ ಎರಡೂವರೆ ಡಿಗ್ರಿಗೆ ತಂದ ಮೇಲೆ ಅಂಚು ಉಳಿಯಿತು. ದುಬಾರಿ ಟೈರ್ ಕೊಳ್ಳುವ ಮೊದಲೇ ಇದಕ್ಕೆ ದುಡ್ಡು ಎತ್ತಿಡಿ, ಟೈರ್ ಎರಡು ಪಟ್ಟು ಬಾಳದಿದ್ದರೂ ಸಮವಾಗಿ ಸವೆಯುತ್ತದೆ.

ಹಿಂದಿನ ಟೈರ್‌ಗಳದ್ದು ಕಥೆಯೇ ಬೇರೆ. ಅವಕ್ಕೆ ಹೆಚ್ಚು ಕೆಲಸವೇ ಇಲ್ಲ. ಎಡದವು ಎಡಕ್ಕೇ, ಬಲದವು ಬಲಕ್ಕೇ ಇಟ್ಟು ಮುಂದಿನದು ಹಿಂದಕ್ಕೆ ಬದಲಿಸುತ್ತೇನೆ, ಈ ಟೈರ್ ತಿರುಗುವ ದಿಕ್ಕು ನಿಗದಿಯಾಗಿದೆ. ಬದಲಿಸಿದ ಮೇಲೆ ಮೊದಲ ಸೆಷನ್ ಮುಗಿಸಿ ಬಂದು, ಚಕ್ರ ತಣ್ಣಗಾದ ನಂತರ ಬೋಲ್ಟ್‌ಗಳಿಗೆ ಇನ್ನೊಮ್ಮೆ ರೆಂಚ್ ಹಾಕಿ ನೋಡುತ್ತೇನೆ. ಬಿಸಿ ಇರುವಾಗ ಬಿಗಿಯಬೇಡಿ. 205/50 ಇನ್ನೂ ತಲೆಯಲ್ಲಿದೆ, ಆದರೆ ಅದಕ್ಕೆ ಹಿಂದಿನ ಫೆಂಡರ್ ಅಂಚು ಮಡಚಿಸಬೇಕು. ಮನೆಯವರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ.