ಶಾಖೆಯ ತೀರ್ಮಾನ ಶಾಖೆಯಲ್ಲೇ ಆಗಲಿ: ಅಧಿಕಾರ ಹಂಚುವುದು ಹೇಗೆ?

ಒಂದಿದ್ದ ಅಂಗಡಿ ಮೂರಾಗುತ್ತದೆ. ಮಾಲೀಕರು ಮ್ಯಾನೇಜರ್‌ಗಳನ್ನು ಇಟ್ಟು, 'ಇನ್ಮೇಲೆ ಎಲ್ಲ ನೀವೇ ನೋಡ್ಕೊಳ್ಳಿ' ಎನ್ನುತ್ತಾರೆ. ಆಮೇಲೂ ನೂರು ರೂಪಾಯಿ ಡಿಸ್ಕೌಂಟ್‌ಗೆ ಫೋನ್ ಬರುತ್ತಲೇ ಇರುತ್ತದೆ. ಬರದೆ ಏನು ಮಾಡೀತು? ಎಲ್ಲ ಅಂದರೆ ಎಷ್ಟು ಅಂತ ಯಾರೂ ಹೇಳಿರುವುದಿಲ್ಲ.

ಮೊದಲು, ಒಂದು ವಾರ ಶಾಖೆಗಳಿಂದ ಏನೇನು ಕೇಳಿ ಫೋನ್ ಬರುತ್ತದೆ ಎಂದು ಬರೆದಿಡಿ.

ಆಮೇಲೆ ಅದನ್ನು ಎರಡು ಪಾಲು ಮಾಡಿ. ತಪ್ಪಾದರೂ ನಾಳೆ ಸರಿ ಮಾಡಬಹುದಾದದ್ದು ಶಾಖೆಗೆ: ಡಿಸ್ಕೌಂಟ್, ಮಾಲು ವಾಪಸ್, ರಜೆ, ಸಣ್ಣ ರಿಪೇರಿ. ಕಟ್ಟಡದ ಕರಾರು, ಬ್ಯಾಂಕ್ ಸಾಲ, ಕೆಲಸದಿಂದ ತೆಗೆಯುವುದು ನಿಮಗೆ. ದೊಡ್ಡ ಉದ್ರಿಯೂ ಸದ್ಯ ನಿಮ್ಮಲ್ಲೇ ಇರಲಿ. ಸ್ವೀಡನ್ನಿನ ಹ್ಯಾಂಡೆಲ್ಸ್‌ಬ್ಯಾಂಕೆನ್, 1970ರಲ್ಲಿ ಯಾನ್ ವಾಲಾಂಡರ್ ಮುಖ್ಯಸ್ಥರಾದ ಮೇಲೆ, ಸಾಲ ಕೊಡುವ ತೀರ್ಮಾನವನ್ನೂ ಬ್ರಾಂಚ್‌ಗಳಿಗೆ ಬಿಟ್ಟಿತು, ನಿಜ. ಆದರೆ ಅಲ್ಲಿ ಪ್ರತಿ ಬ್ರಾಂಚಿನ ಖರ್ಚು-ಲಾಭವನ್ನು ಬೇರೆ ಬ್ರಾಂಚುಗಳ ಜೊತೆ ಇಟ್ಟು ನೋಡುತ್ತಿದ್ದರು. ಅಂಥ ಲೆಕ್ಕ ನಿಮ್ಮಲ್ಲಿ ಇದೆಯೇ? ಇಲ್ಲದಿದ್ದರೆ ಕಾಯಿರಿ.

ಮೂರನೆಯದು ಮೊತ್ತ. 'ಸ್ವಲ್ಪ ನೋಡಿ ಮಾಡಿ' ಅನ್ನಬೇಡಿ, ಅಂಕಿ ಹೇಳಿ. ರಿಟ್ಸ್ ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯ ತೊಂದರೆ ಸರಿಪಡಿಸಲು ನೌಕರರು ಯಾರನ್ನೂ ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡಬಹುದು ಎಂಬ ನಿಯಮ ಪ್ರಸಿದ್ಧ. ನಿಮ್ಮದು 2,000 ರೂಪಾಯಿಯೇ ಇರಲಿ, ಬರೆದು ಕೌಂಟರ್ ಒಳಗೆ ಅಂಟಿಸಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಟೈಲ್ಸ್ ಅಂಗಡಿ ಅಂದುಕೊಳ್ಳಿ. ಬಾಕ್ಸಿನಲ್ಲಿ ಎರಡು ಒಡೆದಿವೆ, ಪೂರ್ತಿ ಬಾಕ್ಸ್ ಬದಲಿಸಿ ಎಂದು ಗಿರಾಕಿ ಹಟ ಹಿಡಿದಿದ್ದಾರೆ. ಎರಡೇ ಟೈಲ್ಸ್ ಬದಲಿಸುತ್ತೇನೆ ಎಂದು ಮ್ಯಾನೇಜರ್ ಹೇಳಿದ್ದಾರೆ. ಗಿರಾಕಿ ಅಲ್ಲೇ ನಿಂತು ನಿಮಗೆ ಫೋನ್ ಹಚ್ಚುತ್ತಾರೆ. ಹಳೇ ಪರಿಚಯ, ದಾಕ್ಷಿಣ್ಯ. ನೀವು 'ಆಯ್ತು ಬಿಡಿ, ಕೊಡಿಸ್ತೀನಿ' ಅಂದಿರೋ, ಮುಗಿಯಿತು. ನಾಳೆಯಿಂದ ಗಿರಾಕಿಗಳು ನಿಮ್ಮನ್ನೇ ಹುಡುಕುತ್ತಾರೆ, ಮ್ಯಾನೇಜರ್ ಬಾಯಿ ಬಿಡುವುದಿಲ್ಲ. 'ಅಲ್ಲಿನ ವಿಷಯ ಅವರದೇ ಸಾರ್, ಅವರು ಹೇಳಿದ ಹಾಗೇ ಮಾಡಿ' ಅನ್ನಿ. ಮ್ಯಾನೇಜರ್ ತಪ್ಪಿದ್ದಾರೆ ಅನಿಸಿದರೆ ಸಂಜೆ, ಇಬ್ಬರೇ ಇರುವಾಗ ಮಾತಾಡಿ. ಅವತ್ತಿನ ತೀರ್ಮಾನ ಮಾತ್ರ ತಿರುಗಿಸಬೇಡಿ.

ಮ್ಯಾನೇಜರೇ ಫೋನ್ ಮಾಡಿ 'ಏನ್ ಮಾಡ್ಲಿ ಸಾರ್?' ಅಂದರೂ ಅಷ್ಟೇ. ಮೊತ್ತ ಮಿತಿಯೊಳಗಿದ್ದರೆ ಉತ್ತರ ಹೇಳಬೇಡಿ, 'ನಿಮಗೇನು ಅನ್ಸುತ್ತೆ?' ಎಂದು ಕೇಳಿ ಫೋನ್ ಇಡಿ. ಮೊದಲ ಕೆಲವು ವಾರ ಕಷ್ಟವಾಗುತ್ತದೆ, ತಡೆದುಕೊಳ್ಳಿ.

ಅಪ್ರೂವಲ್ ಆಪ್‌ಗಳನ್ನು ಮಾರಲು ಬರುತ್ತಾರೆ. ಮಿತಿಯೊಳಗಿನ ವಿಷಯಕ್ಕೆ ಅವು ಬೇಡವೇ ಬೇಡ. ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಬಟನ್ ಒತ್ತಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ವಾಟ್ಸಾಪ್ ಗ್ರೂಪ್‌ನಲ್ಲಿ 'ಓಕೆನಾ?' ಎಂದು ಕೇಳುವುದೂ ಬೇಡ. ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಸಾಕು: ದಿನಾಂಕ, ಏನು ತೀರ್ಮಾನ, ಎಷ್ಟು ಹಣ, ಯಾಕೆ. 'ಯಾಕೆ' ಕಾಲಂ ಖಾಲಿ ಬಿಡುವಂತಿಲ್ಲ.

ವಾರಕ್ಕೊಮ್ಮೆ ಕೂತು ಅದನ್ನು ಇಬ್ಬರೂ ಓದಿ. ಮೂರು ತಿಂಗಳು ಸರಿಯಾಗಿ ನಡೆದರೆ ಮಿತಿ ಹೆಚ್ಚಿಸಿ, ಕೌಂಟರ್‌ನಲ್ಲಿ ಹೊಸ ಚೀಟಿ ಅಂಟಿಸಿ.