ಡಿಗ್ರಿ ಇದ್ದರೆ ಇನ್ನೊಂದು ವೋಟೂ ಇದೆ: ಪಡೆಯುವುದು ಹೇಗೆ?

ನಮ್ಮ ವಿಧಾನಸಭೆಯ 224 ಶಾಸಕರನ್ನು ನಾವೇ ಆರಿಸುತ್ತೇವೆ. ಅದು ಎಲ್ಲರಿಗೂ ಗೊತ್ತು. ಆದರೆ ವಿಧಾನ ಪರಿಷತ್ತಿನ 75 ಮಂದಿ ಎಲ್ಲಿಂದ ಬರುತ್ತಾರೆ? 25 ಮಂದಿಯನ್ನು ಶಾಸಕರು ಆರಿಸುತ್ತಾರೆ. ಇನ್ನು 25 ಮಂದಿಯನ್ನು ಗ್ರಾಮ ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳ ಸದಸ್ಯರು. 11 ಮಂದಿ ನಾಮನಿರ್ದೇಶನದಿಂದ ಬರುತ್ತಾರೆ. ಉಳಿದ 14ರಲ್ಲಿ 7 ಶಿಕ್ಷಕರ ಕ್ಷೇತ್ರ, 7 ಪದವೀಧರ ಕ್ಷೇತ್ರ. ಡಿಗ್ರಿ ಮುಗಿಸಿದ ನಿಮಗೆ ಆ ಕೊನೆಯ ಏಳರಲ್ಲಿ ಒಂದು ವೋಟು ಇದೆ.

ಮೊದಲ ಕೆಲಸ, ಹೆಸರು ಸೇರಿಸುವುದು. ಹೆಚ್ಚಿನವರು ಎಡವುವುದು ಇಲ್ಲೇ. ವೋಟರ್ ಐಡಿ ಇದ್ದರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು. ಈ ಪಟ್ಟಿಯೇ ಬೇರೆ. ಪ್ರತಿ ಚುನಾವಣೆಗೂ ಅದನ್ನು ಹೊಸದಾಗಿ ಮಾಡುತ್ತಾರೆ. ಕಳೆದ ಸಲ ವೋಟು ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಕಿರಿಕಿರಿಯೇ, ಆದರೆ ನಿಯಮ ಹಾಗಿದೆ.

ಅರ್ಜಿಯ ಹೆಸರು ನಮೂನೆ 18. (ಶಿಕ್ಷಕರಿಗೆ ನಮೂನೆ 19.) ಪಟ್ಟಿ ತಯಾರಿಸುವ ವರ್ಷದ ನವೆಂಬರ್ 1ಕ್ಕೆ ನಿಮ್ಮ ಡಿಗ್ರಿ ಮುಗಿದು ಕನಿಷ್ಠ 3 ವರ್ಷ ಆಗಿರಬೇಕು. ಪದವಿ ಪತ್ರ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ಲಗತ್ತಿಸಿ. ಓದಿದ ಊರು ಇಲ್ಲಿ ಲೆಕ್ಕಕ್ಕಿಲ್ಲ, ಈಗ ವಾಸ ಇರುವ ಊರು ಮುಖ್ಯ. ಕಲಬುರಗಿಯಲ್ಲಿ ಬಿ.ಎ. ಮಾಡಿ ಉಡುಪಿಯಲ್ಲಿ ನೆಲೆಸಿದ್ದರೆ ನಿಮ್ಮದು ನೈರುತ್ಯ ಪದವೀಧರ ಕ್ಷೇತ್ರ.

ಮತಗಟ್ಟೆಯಲ್ಲಿ ಮಷೀನ್ ಹುಡುಕಬೇಡಿ. ಕೈಗೆ ಬರುವುದು ಮತಪತ್ರ, ಜೊತೆಗೆ ನೇರಳೆ ಬಣ್ಣದ ಸ್ಕೆಚ್ ಪೆನ್. ಜೇಬಿನ ಪೆನ್ ಜೇಬಿನಲ್ಲೇ ಇರಲಿ. ಇಷ್ಟದ ಅಭ್ಯರ್ಥಿಯ ಎದುರು 1 ಎಂದು ಬರೆಯಿರಿ. ಬೇಕೆನಿಸಿದರೆ ಇನ್ನೊಬ್ಬರಿಗೆ 2, ಮತ್ತೊಬ್ಬರಿಗೆ 3. ಕನ್ನಡದಲ್ಲಿ ೧, ೨ ಬರೆದರೂ ನಡೆಯುತ್ತದೆ. 'ಒಂದು' ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ಟಿಕ್ ಹಾಕಿದರೆ, ಸಹಿ ಮಾಡಿದರೆ, ಇಬ್ಬರಿಗೆ 1 ಕೊಟ್ಟರೆ ವೋಟು ಕುಲಗೆಟ್ಟಿತು. ಡಿಗ್ರಿ ಓದಿದವರ ಚುನಾವಣೆಯಲ್ಲೇ ಇಂಥ ವೋಟುಗಳು ರಾಶಿ ಬೀಳುತ್ತವೆ ಅನ್ನುವುದು ತಮಾಷೆ ಅಲ್ವಾ?

2, 3 ಸುಮ್ನೆ ಅಲ್ಲ. ಒಂದೇ ಸ್ಥಾನ ಇರುವಾಗ ಸಿಂಧು ಮತಗಳ ಅರ್ಧಕ್ಕಿಂತ ಜಾಸ್ತಿ ಪಡೆದವರು ಗೆಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ಯಾರೂ ಅಷ್ಟು ಮುಟ್ಟದಿದ್ದರೆ ಎಲ್ಲರಿಗಿಂತ ಕಡಿಮೆ ಮತ ಬಂದವರನ್ನು ಕೈಬಿಡುತ್ತಾರೆ. ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರಿಗೆ ಆ ಮತ ಹೋಗುತ್ತದೆ. ಹೀಗೆ ಸುತ್ತು ಮೇಲೆ ಸುತ್ತು. ಎಣಿಕೆ ನಡುರಾತ್ರಿ ದಾಟಿದರೂ ಅಚ್ಚರಿಯಿಲ್ಲ.